ಬಡವರ ವೈದ್ಯವಿಮೆ: ಅಮೆರಿಕದ ಒಂದು ಪ್ರಯೋಗ

ವೈದ್ಯನಿಗೆ ಹಣವನ್ನು ಯಾವಾಗ ಕೊಡಬೇಕು? ಕಾಯಿಲೆ ಬಂದಮೇಲೆಯೋ, ಬರುವುದಕ್ಕೆ ಮೊದಲೋ? ಮೊದಲು ಕೇಳಿದಾಗ ಇದು ವಿನೋದದ ಪ್ರಶ್ನೆಯಂತೆ ತೋರುತ್ತದೆ. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸುಮಾರು ಏಳು ಕೋಟಿ ಬಡಜನರ ಔಷಧೋಪಚಾರವು ಈ ಪ್ರಶ್ನೆಗೆ ಅಲ್ಲಿನ ಸರ್ಕಾರಗಳು ಕೊಟ್ಟುಕೊಂಡ ಉತ್ತರವನ್ನೇ ಅವಲಂಬಿಸಿದೆ. ಆ ಏಳು ಕೋಟಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಜನರಿಗೆ ಸರ್ಕಾರವು ತಾನೇ ವೈದ್ಯರಿಗೆ ಹಣ ತೆರುವುದಿಲ್ಲ. ಒಂದೊಂದು ತಲೆಗೆ ತಿಂಗಳಿಗಿಷ್ಟು ಎಂದು ಒಂದು ಕಂಪೆನಿಗೆ ಮುಂಗಡವಾಗಿ ಕೊಟ್ಟು, ಇವರ ಆರೋಗ್ಯದ ಹೊಣೆ ಇನ್ನು ನಿನ್ನದು ಎಂದು ಒಪ್ಪಿಸಿಬಿಡುತ್ತದೆ. ಈ ಏರ್ಪಾಡಿಗೆ ಅಲ್ಲಿ ಮ್ಯಾನೇಜ್ಡ್ ಕೇರ್ ಎಂದು ಹೆಸರು. ನಾವು ಇದನ್ನು ನಿರ್ವಹಿತ ಶುಶ್ರೂಷೆ ಎಂದು ಕರೆಯಬಹುದು. ಇದು ಹೇಗೆ ಹುಟ್ಟಿತು, ಹೇಗೆ ನಡೆಯುತ್ತದೆ, ಎಲ್ಲಿ ಎಡವಿತು ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡೋಣ.

ಹೆಸರು ಹೊಸದಾದರೂ ಇದರ ಮೂಲತತ್ತ್ವ ನಮ್ಮವರಿಗೆ ಅಪರಿಚಿತವಾದುದಲ್ಲ. ನಮ್ಮ ಹಳ್ಳಿಗಳಲ್ಲಿ ಆಯಗಾರರ ಪದ್ಧತಿ ಎಂಬುದೊಂದು ಇತ್ತಷ್ಟೆ. ಬಡಗಿ, ಕಮ್ಮಾರ, ಅಗಸ ಮೊದಲಾದವರಿಗೆ ಮಾಡಿದ ಒಂದೊಂದು ಕೆಲಸಕ್ಕೂ ಕೂಲಿ ಇರಲಿಲ್ಲ. ಸುಗ್ಗಿಯಲ್ಲಿ ಕಣದ ಮೇಲೆ ಪ್ರತಿಯೊಬ್ಬ ರೈತನೂ ಇಷ್ಟು ಕೊಳಗ ಎಂದು ಅಳೆದುಕೊಡುತ್ತಿದ್ದನು. ವರ್ಷದಲ್ಲಿ ನೇಗಿಲು ಹತ್ತು ಸಲ ಮುರಿದರೂ ಅಷ್ಟೇ ಧಾನ್ಯ, ಎರಡೇ ಸಲ ಮುರಿದರೂ ಅಷ್ಟೇ ಧಾನ್ಯ. ಇದರಿಂದ ಎರಡು ಬಗೆಯ ಫಲ ಹುಟ್ಟಬಹುದು. ಪದೇ ಪದೇ ತನ್ನ ಬಾಗಿಲಿಗೆ ಬರದಂತೆ ಕಮ್ಮಾರನು ಗುಳವನ್ನು ಗಟ್ಟಿಯಾಗಿ ಮಾಡಿಕೊಡಬಹುದು. ಇಲ್ಲವೆ, ಧಾನ್ಯವಂತೂ ಬಂದೇ ಬರುತ್ತದೆಂದು ರೈತನಿಗೆ ‘ನಾಳೆ ಬಾ’ ಎಂದು ಹೇಳಿಕಳುಹಿಸುತ್ತಲೇ ಇರಬಹುದು. ಹಳ್ಳಿಯಲ್ಲಿ ಈ ಎರಡನೆಯದನ್ನು ತಡೆಯುವುದಕ್ಕೆ ಒಂದು ಅಂಕುಶವಿತ್ತು: ಅಳೆದುಕೊಡುವವನೂ ಗುಳ ಮಾಡಿಸಿಕೊಳ್ಳುವವನೂ ಒಬ್ಬನೇ. ಗುಳ ಬಾರದಿದ್ದರೆ ಆ ಸಂಗತಿ ಕಣದಲ್ಲಿ ಅವನ ನೆನಪಿಗೆ ಬಾರದೆ ಹೋಗುತ್ತಿರಲಿಲ್ಲ. ಅಮೆರಿಕದ ಬಡವರ ವಿಮೆಯಲ್ಲಿ ಹಣ ಕೊಡುವವರು ಸರ್ಕಾರದವರು, ಕಾಯಿಲೆ ಬೀಳುವವರು ಬಡವರು. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣದು. ನಾವು ಮುಂದೆ ಹೇಳುವುದರಲ್ಲಿ ಬಹುಭಾಗವು ಈ ಒಂದು ವ್ಯತ್ಯಾಸದಿಂದ ಹುಟ್ಟಿದುದೇ.

ಕಥೆಯ ಮೊದಲ ಭಾಗ ಮಾತ್ರ ಬಹಳ ಸೊಗಸಾದುದು. 1933ರಲ್ಲಿ ಕೊಲರಾಡೊ ನದಿಯ ನೀರನ್ನು ದಕ್ಷಿಣ ಕ್ಯಾಲಿಫೋರ್ನಿಯದ ನಗರಗಳಿಗೆ ತರುವ ಕಾಲುವೆಯ ಕೆಲಸವು ಮರುಭೂಮಿಯ ನಡುವೆ ನಡೆಯುತ್ತಿತ್ತು. ಸಾವಿರಾರು ಕೂಲಿಗಾರರು ಅಲ್ಲಿ ಬಿಸಿಲಲ್ಲಿ ಬೇಯುತ್ತಿದ್ದರು. ಸಿಡ್ನಿ ಗಾರ್‌ಫೀಲ್ಡ್ ಎಂಬ ತರುಣ ಶಸ್ತ್ರವೈದ್ಯನು ಡೆಸರ್ಟ್ ಸೆಂಟರ್ ಎಂಬ ಸ್ಥಳದ ಹತ್ತಿರ, ಸಾಲಮಾಡಿ, ಹನ್ನೆರಡು ಹಾಸಿಗೆಗಳ ಒಂದು ಆಸ್ಪತ್ರೆಯನ್ನು ಕಟ್ಟಿದನು. ಕೂಲಿಗಾರರ ಗಾಯಗಳಿಗೆ ಹಣ ಕೊಡಬೇಕಾಗಿದ್ದ ವಿಮಾ ಕಂಪೆನಿಗಳು ಬಿಲ್ಲುಗಳನ್ನು ಕತ್ತರಿಸುತ್ತಿದ್ದುವು, ತಡಮಾಡುತ್ತಿದ್ದುವು. ದೊಡ್ಡ ಗಾಯವಾದರೆ ರೋಗಿಯನ್ನು ಲಾಸ್ ಏಂಜಲೀಸಿಗೆ ಒಯ್ದುಬಿಡುತ್ತಿದ್ದುವು. ಇನ್ನೇನು ಆಸ್ಪತ್ರೆ ಮುಚ್ಚಬೇಕು ಎನ್ನುವ ಸ್ಥಿತಿಯಲ್ಲಿ ವಿಮಾ ಕಂಪೆನಿಯವರೊಡನೆ ಒಂದು ಹೊಸ ಒಪ್ಪಂದ ಏರ್ಪಟ್ಟಿತು. ಗಾಯವಾಗಲಿ ಆಗದಿರಲಿ, ಕೂಲಿಗಾರನೊಬ್ಬನಿಗೆ ದಿನಕ್ಕೆ 5 ಸೆಂಟು ಮುಂಗಡವಾಗಿ ಕೊಡುವುದು. ಗಾರ್‌ಫೀಲ್ಡನು ಎಲ್ಲ ಗಾಯಗಳನ್ನೂ ನೋಡಿಕೊಳ್ಳುವುದು. ಕೆಲಸಕ್ಕೆ ಸಂಬಂಧಪಡದ ಕಾಯಿಲೆಗಳಿಗೆ ಕೂಲಿಗಾರರು ತಾವಾಗಿಯೇ ಇನ್ನೂ 5 ಸೆಂಟು ಸೇರಿಸಿದರು. ಆಸ್ಪತ್ರೆಯ ಸಾಲ ತೀರಿತು.

ಇಲ್ಲಿ ನಾವು ಗಮನಿಸಬೇಕಾದುದು ಸಾಲ ತೀರಿದುದನ್ನಲ್ಲ. ಹಿಂದೆ ಒಬ್ಬೊಬ್ಬ ಗಾಯಾಳುವೂ ವೈದ್ಯನ ಪಾಲಿಗೆ ಆದಾಯವಾಗಿದ್ದನು, ಈಗ ಖರ್ಚಾದನು. ಗಾರ್‌ಫೀಲ್ಡನು ಕೆಲಸದ ಸ್ಥಳಕ್ಕೇ ಹೋಗಿ, ಹಲಗೆಗಳಲ್ಲಿ ಮೇಲಕ್ಕೆದ್ದ ಮೊಳೆಗಳನ್ನು ಬಡಿಸಿ ಮಟ್ಟಮಾಡಿಸಲು ತೊಡಗಿದನೆಂದು ಹೇಳುತ್ತಾರೆ. ಮೊಳೆ ತುಳಿಯುವ ಕಾಲೇ ಇಲ್ಲದಿದ್ದರೆ ಕಟ್ಟುವ ಗಾಯವೂ ಇಲ್ಲವಷ್ಟೆ. ಇದೇ ವೈದ್ಯನು ಮುಂದೆ ಹೆನ್ರಿ ಕೈಸರ್ ಎಂಬ ದೊಡ್ಡ ಕಂಟ್ರಾಕ್ಟರನೊಡನೆ ಸೇರಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಡಗು ಕಟ್ಟುವ ಕಾರ್ಖಾನೆಗಳ ಕೆಲಸಗಾರರಿಗೆ ಈ ಕ್ರಮವನ್ನು ವಿಸ್ತರಿಸಿದನು; 1945ರಲ್ಲಿ ಅದು ಸಾರ್ವಜನಿಕರಿಗೂ ತೆರೆಯಿತು. ಅಮೆರಿಕದ ವೈದ್ಯರ ಸಂಘವು ಇಂಥ ಮುಂಗಡ ಪದ್ಧತಿಗಳನ್ನು ಉಗ್ರವಾಗಿ ವಿರೋಧಿಸಿತು. ರಾಜಧಾನಿ ವಾಷಿಂಗ್ಟನ್ನಿನಲ್ಲಿ ಹೀಗೆ ಕೂಡಿಕೊಂಡ ಒಂದು ಸಂಘದ ವೈದ್ಯರಿಗೆ ಆಸ್ಪತ್ರೆಗಳ ಬಾಗಿಲು ಮುಚ್ಚಿಸಲು ಹೋಗಿ, ವೃತ್ತಿಗೆ ಅಡ್ಡಿಪಡಿಸಿದ ಅಪರಾಧಕ್ಕೆ ಗುರಿಯಾಗಿ, 1943ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿಯೂ ಸೋತಿತು.

ಇಲ್ಲಿಯವರೆಗೆ ಮುಂಗಡ ಕೊಡುತ್ತಿದ್ದವರು ಸಂಬಳ ಪಡೆಯುವ ಕೆಲಸಗಾರರು, ಇಲ್ಲವೆ ಅವರ ಯಜಮಾನರು. ಬಡವರ ಪ್ರಸ್ತಾಪ ಬರುವುದು 1965ರಲ್ಲಿ. ಆ ವರ್ಷದ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ನರು ಮಿಸ್ಸೂರಿ ಸಂಸ್ಥಾನದ ಇಂಡಿಪೆಂಡೆನ್ಸ್ ಎಂಬ ಊರಿಗೆ ಹೋಗಿ, ಮಾಜಿ ಅಧ್ಯಕ್ಷ ಟ್ರೂಮನ್ನರ ಸಮ್ಮುಖದಲ್ಲಿ ಒಂದು ಶಾಸನಕ್ಕೆ ಸಹಿಹಾಕಿದರು. ಅದರಿಂದ ವೃದ್ಧರಿಗೆ ಮೆಡಿಕೇರ್ ಎಂಬ ವಿಮೆಯೂ ಬಡವರಿಗೆ ಮೆಡಿಕೇಡ್ ಎಂಬ ಸಹಾಯವೂ ಒಟ್ಟಿಗೆ ಹುಟ್ಟಿದುವು. ಅಕ್ಕತಂಗಿಯರಂತೆ ಒಂದೇ ದಿನ ಹುಟ್ಟಿದರೂ ಇವುಗಳ ಜಾತಕ ಬೇರೆ. ಮೆಡಿಕೇರ್ ಕೇಂದ್ರ ಸರ್ಕಾರದ್ದು, ದೇಶಕ್ಕೆಲ್ಲ ಒಂದೇ. ಮೆಡಿಕೇಡನ್ನು ನಡೆಸುವುದು ಒಂದೊಂದು ಸಂಸ್ಥಾನದ ಕೆಲಸ. ಖರ್ಚಿನಲ್ಲಿ ಕಡಮೆಯೆಂದರೆ ಅರ್ಧವನ್ನು ಕೇಂದ್ರವು ಕೊಡುತ್ತದೆ, ಬಡ ಸಂಸ್ಥಾನಗಳಿಗೆ ಇನ್ನೂ ಹೆಚ್ಚು. ಸೇರುವ ಸಂಸ್ಥಾನ ಸೇರಬಹುದು, ಒಲ್ಲದುದು ಹೊರಗಿರಬಹುದು.

ಮೊದಮೊದಲು ಮೆಡಿಕೇಡಿನಲ್ಲಿ ಹಣ ಕೊಡುತ್ತಿದ್ದುದು ಹಳೆಯ ಕ್ರಮದಂತೆಯೇ: ವೈದ್ಯನು ರೋಗಿಯನ್ನು ನೋಡುವುದು, ಬಿಲ್ಲು ಕಳುಹಿಸುವುದು, ಸಂಸ್ಥಾನವು ಅದನ್ನು ಸಲ್ಲಿಸುವುದು. ಇದರಲ್ಲಿ ಎರಡು ಕಷ್ಟಗಳು ಒಟ್ಟೊಟ್ಟಿಗೆ ಕಂಡುಬಂದುವು. ಒಟ್ಟು ಖರ್ಚು ಯಾರೂ ಎಣಿಸದಷ್ಟು ವೇಗವಾಗಿ ಬೆಳೆಯಿತು. ಅದನ್ನು ತಡೆಯಲು ಸಂಸ್ಥಾನಗಳು ಒಂದೊಂದು ಭೇಟಿಯ ದರವನ್ನು ಇಳಿಸಿದುವು. ದರ ಇಳಿದುದರಿಂದ ಅನೇಕ ವೈದ್ಯರು ಮೆಡಿಕೇಡಿನ ರೋಗಿಗಳನ್ನು ನೋಡುವುದನ್ನೇ ಬಿಟ್ಟರು. ಬಡವನ ಕೈಯಲ್ಲಿ ಚೀಟಿಯಿತ್ತು, ಆದರೆ ಆ ಚೀಟಿಯನ್ನು ತೆಗೆದುಕೊಳ್ಳುವವರಿಲ್ಲ. ಅವನು ಕಾಯಿಲೆ ಬಲಿಯುವವರೆಗೆ ಕಾದು, ಕೊನೆಗೆ ದೊಡ್ಡಾಸ್ಪತ್ರೆಯ ತುರ್ತುಚಿಕಿತ್ಸೆಯ ಕೊಠಡಿಗೆ ಹೋಗುತ್ತಿದ್ದನು. ಅಲ್ಲಿ ಖರ್ಚು ಮತ್ತಷ್ಟು. ಈ ಸಂಕಟದಲ್ಲಿದ್ದ ಅಧಿಕಾರಿಗಳಿಗೆ ಮರುಭೂಮಿಯ ಆಸ್ಪತ್ರೆಯ ಕಥೆ ಅಮೃತದಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಮೊದಲು ಕೈಹಾಕಿದುದು ಕ್ಯಾಲಿಫೋರ್ನಿಯವೇ. ಆಗ ಅಲ್ಲಿನ ಗವರ್ನರು ರೊನಾಲ್ಡ್ ರೇಗನ್. 1971ರ ಸುಧಾರಣಾಶಾಸನದ ಪ್ರಕಾರ, ಬಡವರನ್ನು ಮುಂಗಡ ಕಂಪೆನಿಗಳಿಗೆ ಸೇರಿಸಿಕೊಳ್ಳಲು ಅವಕಾಶವಾಯಿತು. ಸೇರಿದ ಒಂದೊಂದು ತಲೆಗೂ ಸರ್ಕಾರ ಪ್ರತಿ ತಿಂಗಳೂ ಹಣ ಕೊಡುತ್ತದೆ ಎಂದು ತಿಳಿದೊಡನೆ, ಅದಕ್ಕೆ ಮೊದಲು ವೈದ್ಯಕೀಯದ ಗಂಧವಿಲ್ಲದವರೂ ಕಂಪೆನಿ ತೆರೆದರು. ಮನೆಮನೆಗೆ ದಲ್ಲಾಳಿಗಳು ಹೊರಟರು; ತಂದ ಒಂದೊಂದು ಸಹಿಗೂ ಅವರಿಗೆ ದಲ್ಲಾಳಿ. ಕೆಲವರು ತಾವು ಸರ್ಕಾರದ ಕಡೆಯವರೆಂದು ಹೇಳಿಕೊಂಡರು. ಕೆಲವರು, ಸಹಿ ಹಾಕದಿದ್ದರೆ ಇರುವ ಸಹಾಯವೂ ತಪ್ಪುತ್ತದೆಂದು ಹೆದರಿಸಿದರು. ಖೋಟಾ ಸಹಿಗಳೂ ಆದುವು. ಸೇರಿದ ಮೇಲೆ ಕಾಯಿಲೆಯಾಗಿ ಹೋದವರಿಗೆ ಆ ಕಂಪೆನಿಯ ವೈದ್ಯಶಾಲೆ ಊರಿನ ಇನ್ನೊಂದು ಕೊನೆಯಲ್ಲಿದೆ ಎಂದೋ ಸಂಜೆಯಾದರೆ ಅಲ್ಲಿ ಯಾರೂ ಇರುವುದಿಲ್ಲ ಎಂದೋ ಗೊತ್ತಾಗುತ್ತಿತ್ತು. ಎಷ್ಟೋ ಕಡೆ, ಲಾಭವಿಲ್ಲದ ಧರ್ಮಸಂಸ್ಥೆಯೆಂದು ಹೊರಗೆ ಬೋರ್ಡು. ಅದರ ಹಣವೆಲ್ಲ ಅದೇ ಯಜಮಾನರ ಲಾಭದ ಕಂಪೆನಿಗೆ ಹಿಂಬಾಗಿಲಿನಿಂದ ಹರಿಯುವುದು. ಸಂಸ್ಥಾನದ ಲೆಕ್ಕಪರಿಶೋಧಕರು 1974ರಲ್ಲಿ ಕೆಲವು ಕಂಪೆನಿಗಳ ಪುಸ್ತಕಗಳನ್ನು ನೋಡಿದಾಗ, ಕೊಟ್ಟ ಹಣದಲ್ಲಿ ಅರ್ಧದ ಆಸುಪಾಸು ಮಾತ್ರ ಚಿಕಿತ್ಸೆಗೆ ಸಂದಿತ್ತು. ಮಿಕ್ಕುದು ಆಡಳಿತದ ಖರ್ಚು ಮತ್ತು ಲಾಭ.

ವಂಚಕರು ಎಲ್ಲ ದೇಶಗಳಲ್ಲಿಯೂ ಇರುತ್ತಾರೆಂದು ಹೇಳಿ ಇದನ್ನು ಬಿಟ್ಟುಬಿಡಬಹುದು. ಆದರೆ ನಮಗೆ ತೋರುವ ಮಟ್ಟಿಗೆ, ಇಲ್ಲಿ ವಂಚಕರಿಗಿಂತ ಏರ್ಪಾಡಿನ ದೋಷವೇ ದೊಡ್ಡದು. ಬಿಲ್ಲಿನ ಪದ್ಧತಿಯಲ್ಲಿ ಸರ್ಕಾರವು ಕೊಳ್ಳುವುದು ನಡೆದುಹೋದ ಕೆಲಸವನ್ನು. ಮುಂಗಡದಲ್ಲಿ ಅದು ಕೊಳ್ಳುವುದು ಒಂದು ಮಾತನ್ನು: ‘ಬೇಕಾದಾಗ ನೋಡಿಕೊಳ್ಳುತ್ತೇವೆ’ ಎಂಬ ಮಾತನ್ನು. ಕೆಲಸಕ್ಕೆ ರಶೀತಿ ಉಂಟು. ಮಾತಿಗೆ ರಶೀತಿ ಯಾವುದು? ಕ್ಯಾಲಿಫೋರ್ನಿಯದ ಅಧಿಕಾರಿಗಳು ಹಣವನ್ನು ಹಂಚುವುದಕ್ಕೆ ಕಚೇರಿಯನ್ನು ಸಿದ್ಧಪಡಿಸಿಕೊಂಡಿದ್ದರು, ಮಾತು ನಡೆಯಿತೆ ಎಂದು ನೋಡುವುದಕ್ಕೆ ಸಿದ್ಧಪಡಿಸಿಕೊಂಡಿರಲಿಲ್ಲ.

1975ರಲ್ಲಿ ಸೆನೆಟ್ ಸಭೆಯ ತನಿಖಾ ಉಪಸಮಿತಿಯು ಈ ಹಗರಣಗಳ ವಿಚಾರಣೆ ನಡೆಸಿತು. ಅದಕ್ಕೆ ಎರಡು ವರ್ಷ ಮೊದಲೇ, ನಿಕ್ಸನ್ನರ ಆಡಳಿತದಲ್ಲಿ, ಪಾಲ್ ಎಲ್‌ವುಡ್ ಎಂಬ ವೈದ್ಯರು ಕೊಟ್ಟ ‘ಆರೋಗ್ಯಪಾಲನ ಸಂಸ್ಥೆ’ ಎಂಬ ಹೊಸ ಹೆಸರಿನಲ್ಲಿ, ಇಂಥ ಕಂಪೆನಿಗಳಿಗೆ ಪ್ರೋತ್ಸಾಹ ಕೊಡುವ ಶಾಸನ ಹೊರಟಿತ್ತು. ಈಗ 1976ರಲ್ಲಿ ಅದಕ್ಕೆ ತಿದ್ದುಪಡಿ ಬಂದಿತು: ಯಾವ ಕಂಪೆನಿಯಲ್ಲಿಯೇ ಆಗಲಿ ಸರ್ಕಾರದ ವಿಮೆಯ ಸದಸ್ಯರು ಅರ್ಧಕ್ಕಿಂತ ಹೆಚ್ಚಾಗಿರಕೂಡದು. ಈ ಸಣ್ಣ ನಿಯಮದಲ್ಲಿ ಒಂದು ಜಾಣತನವಿದೆ. ಮಿಕ್ಕ ಅರ್ಧ ಜನ ಸ್ವಂತ ಇಚ್ಛೆಯಿಂದ ಬಂದವರಾಗಿದ್ದರೆ, ಚಿಕಿತ್ಸೆ ಕೆಟ್ಟದಾದಾಗ ಅವರು ಎದ್ದುಹೋಗುತ್ತಾರೆ. ಆ ಭಯದಿಂದ ಕಂಪೆನಿ ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳುತ್ತದೆ. ಕಣದಲ್ಲಿ ಅಳೆದುಕೊಡುವ ರೈತನನ್ನು ಕಾನೂನಿನ ಮೂಲಕ ಹುಡುಕಿ ತಂದು ಕೂರಿಸಿದಂತೆ ಇದು. 1981ರಲ್ಲಿ ಈ ಅರ್ಧವನ್ನು ಮುಕ್ಕಾಲಿಗೆ ಏರಿಸಿದರು. 1997ರಲ್ಲಿ ನಿಯಮವನ್ನೇ ತೆಗೆದುಹಾಕಿದರು.

ಇಷ್ಟರಲ್ಲಿ ಅರಿಜೋನ ಸಂಸ್ಥಾನವು ರಂಗಕ್ಕೆ ಬಂದಿತ್ತು. ಮೆಡಿಕೇಡಿಗೆ ಸೇರಿದುದರಲ್ಲಿ ಇದೇ ಕೊನೆಯ ಸಂಸ್ಥಾನ. ಹದಿನೇಳು ವರ್ಷ ಹೊರಗಿದ್ದು, ಬಡವರ ಆಸ್ಪತ್ರೆಯ ಖರ್ಚನ್ನು ಕೌಂಟಿಗಳು, ಎಂದರೆ ಜಿಲ್ಲೆಗಳು, ಹೊರಲಾರದೆ ಹೋದಮೇಲೆ, 1982ರ ಅಕ್ಟೋಬರಿನಲ್ಲಿ ಅದು ಒಳಕ್ಕೆ ಬಂದಿತು. ಬರುವಾಗ ಒಂದು ಷರತ್ತು ಹಾಕಿತು: ಹಳೆಯ ಬಿಲ್ಲಿನ ಪದ್ಧತಿ ನಮಗೆ ಬೇಡ, ಮೊದಲ ದಿನದಿಂದಲೇ ಎಲ್ಲರನ್ನೂ ಮುಂಗಡ ಕಂಪೆನಿಗಳಿಗೆ ಒಪ್ಪಿಸುತ್ತೇವೆ. ಕೇಂದ್ರವು ವಿಶೇಷ ಅನುಮತಿ ಕೊಟ್ಟಿತು. ಅರಿಜೋನದವರು ಹಣವನ್ನು ಕಂಪೆನಿಗಳಿಗೆ ಒಪ್ಪಿಸಿದುದಲ್ಲದೆ, ಆ ಕಂಪೆನಿಗಳ ಮೇಲೆ ಕಣ್ಣಿಡುವ ಕೆಲಸವನ್ನೂ ಇನ್ನೊಂದು ಖಾಸಗಿ ಕಂಪೆನಿಗೇ ಗುತ್ತಿಗೆ ಕೊಟ್ಟರು. ಎರಡು ವರ್ಷ ತುಂಬುವುದರೊಳಗೆ ಆ ಗುತ್ತಿಗೆ ಮುರಿದುಬಿದ್ದು, 1984ರಲ್ಲಿ ಸಂಸ್ಥಾನವೇ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಆಮೇಲೆ ಅಲ್ಲಿ ಲೆಕ್ಕದ ಕಚೇರಿ ಬೆಳೆಯಿತು, ಕಂಪೆನಿಗಳು ಒಂದೊಂದು ಭೇಟಿಯ ವಿವರವನ್ನೂ ಒಪ್ಪಿಸಬೇಕೆಂಬ ಕಟ್ಟು ಬಿಗಿಯಾಯಿತು, ಏರ್ಪಾಡು ನೆಲೆನಿಂತಿತು. ಮುಂದೆ ಇತರರು ಅರಿಜೋನವನ್ನು ಮಾದರಿಯೆಂದು ತೋರಿಸುವಾಗ ಕಂಪೆನಿಗಳನ್ನು ನೆನೆಯುತ್ತಿದ್ದರು. ಕಚೇರಿಯನ್ನು ನೆನೆಯುತ್ತಿದ್ದವರು ಕಡಮೆ.

ಆಮೇಲಿನ ಬೆಳವಣಿಗೆಯನ್ನು ಬೇಗ ಹೇಳಿಬಿಡಬಹುದು. 1981ರ ಶಾಸನವು, ಬಡವರು ತಮಗೆ ಬೇಕಾದ ವೈದ್ಯನಲ್ಲಿಗೆ ಹೋಗಬಹುದೆಂಬ ಹಕ್ಕನ್ನು ಸಡಿಲಿಸಲು ಸಂಸ್ಥಾನಗಳಿಗೆ ದಾರಿಮಾಡಿಕೊಟ್ಟಿತು. 1991ರಲ್ಲಿ ಮೆಡಿಕೇಡಿನ ನೂರು ಜನರಲ್ಲಿ ಹತ್ತು ಮಂದಿ ಕೂಡ ನಿರ್ವಹಿತ ಶುಶ್ರೂಷೆಯಲ್ಲಿ ಇರಲಿಲ್ಲ. 1998ರ ವೇಳೆಗೆ ಅರ್ಧಕ್ಕೂ ಮೇಲಾದರು. ಟೆನೆಸ್ಸಿ ಸಂಸ್ಥಾನವು 1994ರ ಜನವರಿ ಮೊದಲನೆಯ ತಾರೀಕು ತನ್ನ ಬಡವರೆಲ್ಲರನ್ನೂ ಒಂದೇ ಸಲಕ್ಕೆ ಕಂಪೆನಿಗಳಿಗೆ ದಾಟಿಸಿ, ಉಳಿಯುವ ಹಣದಿಂದ ವಿಮೆಯಿಲ್ಲದ ಇತರರನ್ನೂ ಸೇರಿಸಿಕೊಳ್ಳಲು ಹೊರಟಿತು. ಉದ್ದೇಶ ಉದಾತ್ತವಾದುದೇ. ಉಳಿತಾಯ ಮಾತ್ರ ಎಣಿಸಿದಷ್ಟು ಬರಲಿಲ್ಲ. ಕೆಲವು ಕಂಪೆನಿಗಳು ದಿವಾಳಿಯಾದುವು. 2005ರಲ್ಲಿ ಸುಮಾರು 1,70,000 ವಯಸ್ಕರನ್ನು ಪಟ್ಟಿಯಿಂದ ತೆಗೆಯಬೇಕಾಗಿ ಬಂದಿತು. ಆದರೂ ಇತರ ಸಂಸ್ಥಾನಗಳು ಹಿಂಜರಿಯಲಿಲ್ಲ. ಈಗ ನಾಲ್ವತ್ತಕ್ಕೂ ಮೇಲ್ಪಟ್ಟು ಸಂಸ್ಥಾನಗಳು ಈ ಮಾರ್ಗದಲ್ಲಿವೆ. ಮೆಡಿಕೇಡಿನ ಒಟ್ಟು ಖರ್ಚಿನಲ್ಲಿ ಸರಿಸುಮಾರು ಅರ್ಧವು ಈ ಕಂಪೆನಿಗಳ ಕೈಯ ಮೂಲಕ ಹೋಗುತ್ತದೆ.

ಒಬ್ಬ ಬಡತಾಯಿಯ ದೃಷ್ಟಿಯಿಂದ ಈ ಯಂತ್ರವು ಹೇಗೆ ಕಾಣುತ್ತದೆಂಬುದನ್ನು ಈಗ ನೋಡೋಣ. ಆಕೆಗೆ ಮೆಡಿಕೇಡ್ ದೊರೆತೊಡನೆ ಎರಡು ಅಥವಾ ಹೆಚ್ಚು ಕಂಪೆನಿಗಳ ಹೆಸರುಳ್ಳ ಕಾಗದ ಬರುತ್ತದೆ. ಗೊತ್ತಾದ ದಿನಗಳೊಳಗೆ ಒಂದನ್ನು ಆರಿಸಬೇಕು, ಆರಿಸದಿದ್ದರೆ ಸರ್ಕಾರವೇ ಒಂದಕ್ಕೆ ಸೇರಿಸುತ್ತದೆ. ಕಂಪೆನಿಯು ಆಕೆಗೆ ಒಬ್ಬ ಸಾಮಾನ್ಯ ವೈದ್ಯನನ್ನು ಗೊತ್ತುಮಾಡುತ್ತದೆ. ಎಷ್ಟೋ ಕಂಪೆನಿಗಳಲ್ಲಿ, ತಜ್ಞರಲ್ಲಿಗೆ ಹೋಗಬೇಕಾದರೆ ಈ ವೈದ್ಯನ ಚೀಟಿ ಬೇಕು. ಕಂಪೆನಿಯೊಡನೆ ಕರಾರು ಮಾಡಿಕೊಂಡ ವೈದ್ಯರ ಪಟ್ಟಿಯೊಂದು ಇರುತ್ತದೆ. ಅದರ ಹೊರಗಿನವರಲ್ಲಿಗೆ ಸಾಮಾನ್ಯವಾಗಿ ಹೋಗುವಂತಿಲ್ಲ. ಬೆಲೆಬಾಳುವ ಔಷಧ, ಪರೀಕ್ಷೆ, ಶಸ್ತ್ರಕ್ರಿಯೆಗಳಿಗೆ ಕಂಪೆನಿಯ ಮುಂಗಡ ಅನುಮತಿ ಬೇಕು. ಅನುಮತಿ ಸಿಗದಿದ್ದರೆ ಮೊದಲು ಕಂಪೆನಿಗೇ ಅಪೀಲು, ಅಲ್ಲಿಯೂ ಸೋತರೆ ಸರ್ಕಾರದ ಮುಂದೆ ವಿಚಾರಣೆ.

ತೆರೆಯ ಹಿಂದೆ ಇನ್ನೊಂದು ಲೆಕ್ಕ ನಡೆಯುತ್ತದೆ. ತಲೆಗಿಷ್ಟು ಎಂಬ ಹಣವನ್ನು ಎಲ್ಲರಿಗೂ ಒಂದೇ ಸಮನಾಗಿ ಕೊಟ್ಟರೆ, ಗಟ್ಟಿಮುಟ್ಟಾದವರನ್ನೇ ಸೇರಿಸಿಕೊಂಡು ರೋಗಿಷ್ಠರನ್ನು ದೂರವಿಡಲು ಕಂಪೆನಿಗಳಿಗೆ ಆಸೆಯಾಗುತ್ತದೆ. ಆದುದರಿಂದ ವಿಮಾಗಣಿತಜ್ಞರು ವಯಸ್ಸು, ಹೆಣ್ಣು ಗಂಡು, ಇರುವ ಕಾಯಿಲೆ ಇವುಗಳನ್ನು ನೋಡಿ ಒಂದೊಂದು ವರ್ಗಕ್ಕೂ ಬೇರೆ ಬೇರೆ ದರ ಕಟ್ಟುತ್ತಾರೆ: ಮಧುಮೇಹದ ವೃದ್ಧನಿಗೆ ಹೆಚ್ಚು, ಹತ್ತು ವರ್ಷದ ಹುಡುಗನಿಗೆ ಕಡಮೆ. 2016ರ ನಿಯಮದಂತೆ, ಕಂಪೆನಿಯು ಪಡೆದ ನೂರು ಡಾಲರಿನಲ್ಲಿ ಕಡಮೆಯೆಂದರೆ 85 ಡಾಲರು ಚಿಕಿತ್ಸೆಗೂ ಅದರ ಗುಣವನ್ನು ಹೆಚ್ಚಿಸುವುದಕ್ಕೂ ಸಲ್ಲುವಂತೆ ಎಣಿಸಿ ದರವನ್ನು ಗೊತ್ತುಪಡಿಸಬೇಕು. ಇಡೀ ವರ್ಷದ ಖರ್ಚು ಇಷ್ಟೆಂದು ಮುಂದಾಗಿಯೇ ತಿಳಿಯುವುದು ಸಂಸ್ಥಾನದ ಖಜಾಂಚಿಗೆ ಎಷ್ಟು ನೆಮ್ಮದಿಯೆಂಬುದನ್ನು, ಬಜೆಟ್ ಮಾಡಿದವರೇ ಬಲ್ಲರು. ಒಳ್ಳೆಯ ಕಂಪೆನಿಗಳು ಗರ್ಭಿಣಿಯರ ಮನೆಗೆ ದಾದಿಯರನ್ನು ಕಳುಹಿಸುವುದೂ, ಆಸ್ತಮಾದ ಮಕ್ಕಳ ಔಷಧ ಮುಗಿಯುವುದಕ್ಕೆ ಮೊದಲೇ ನೆನಪುಮಾಡುವುದೂ ಉಂಟು. ಇವು ಗಾರ್‌ಫೀಲ್ಡನು ಬಡಿಸಿದ ಮೊಳೆಗಳ ಜಾತಿಗೆ ಸೇರಿದುವು. ಇವನ್ನು ಹೇಳದೆ ಬಿಟ್ಟರೆ ಅನ್ಯಾಯವಾದೀತು.

ಆದರೆ ಯಂತ್ರವು ಕೆಲಸಮಾಡುವುದು ಆ ಪಟ್ಟಿಯಲ್ಲಿರುವ ಹೆಸರುಗಳು ನಿಜವಾದ ಬಾಗಿಲುಗಳಾಗಿದ್ದಾಗ ಮಾತ್ರ. 2007ರ ಫೆಬ್ರವರಿಯಲ್ಲಿ ಮೇರಿಲೆಂಡ್ ಸಂಸ್ಥಾನದಲ್ಲಿ, ರಾಜಧಾನಿಗೆ ಕೆಲವೇ ಮೈಲಿ ದೂರದಲ್ಲಿ ಬೆಳೆದ ಹನ್ನೆರಡು ವರ್ಷದ ಒಬ್ಬ ಬಾಲಕನು ಹಲ್ಲುನೋವಿನಿಂದ ಸತ್ತನು. ಹುಳುಕು ಹಲ್ಲಿನ ಕೀವು ಮಿದುಳಿಗೆ ಏರಿತ್ತು. ಆ ಹಲ್ಲನ್ನು ಕಾಲದಲ್ಲಿ ಕೀಳಿಸಿದ್ದರೆ 80 ಡಾಲರಿನಷ್ಟು ಖರ್ಚು. ಎರಡು ಸಲ ಮಿದುಳಿನ ಶಸ್ತ್ರಕ್ರಿಯೆ, ವಾರಗಳ ಆಸ್ಪತ್ರೆವಾಸ ಎಲ್ಲ ಸೇರಿ ಎರಡೂವರೆ ಲಕ್ಷ ಡಾಲರಿನಷ್ಟಾಯಿತು, ಹುಡುಗನೂ ಉಳಿಯಲಿಲ್ಲ. ಆ ಕುಟುಂಬಕ್ಕೆ ನಿಂತ ಮನೆಯಿರಲಿಲ್ಲ; ನಡುವೆ ಅವರ ಮೆಡಿಕೇಡೂ ತಪ್ಪಿಹೋಗಿತ್ತು. ತಾಯಿಯು ಅದುವರೆಗೆ ಹೋರಾಡುತ್ತಿದ್ದುದು ಇವನಿಗಾಗಿಯೂ ಅಲ್ಲ, ಇವನಿಗಿಂತ ಹೆಚ್ಚು ನೋವನ್ನು ಹೇಳಿಕೊಳ್ಳುತ್ತಿದ್ದ ತಮ್ಮನಿಗಾಗಿ. ಆ ಒಂದು ಮಗುವಿಗೆ ಒಬ್ಬ ದಂತವೈದ್ಯನನ್ನು ಹುಡುಕುವುದಕ್ಕೆ ತಾಯಿಯಲ್ಲದೆ ಒಬ್ಬ ವಕೀಲೆ, ಸಹಾಯದ ಟೆಲಿಫೋನಿನ ಒಬ್ಬ ಮೇಲಧಿಕಾರಿ, ಮತ್ತೆ ಮೂವರು ಸಿಬ್ಬಂದಿ ಬೇಕಾದರೆಂದು ಮುಂದೆ ಕಾಂಗ್ರೆಸ್ಸಿನ ವಿಚಾರಣೆಯಲ್ಲಿ ಹೊರಬಂದಿತು.

ಆ ವಿಚಾರಣೆಯನ್ನು ನಡೆಸಿದ ಉಪಸಮಿತಿಯ ಸಿಬ್ಬಂದಿ ಒಂದು ಸರಳವಾದ ಕೆಲಸ ಮಾಡಿದರು. ಆ ಕೌಂಟಿಯಲ್ಲಿ ಕಂಪೆನಿಯು ತನ್ನ ಪಟ್ಟಿಯಲ್ಲಿ ಅಚ್ಚುಹಾಕಿಸಿದ್ದ ದಂತವೈದ್ಯರಲ್ಲಿ 24 ಮಂದಿಗೆ ಟೆಲಿಫೋನ್ ಮಾಡಿದರು. 23 ಕಡೆ ನಂಬರು ಕಡಿದುಹೋಗಿತ್ತು, ಇಲ್ಲವೆ ತಪ್ಪಾಗಿತ್ತು, ಇಲ್ಲವೆ ಆ ವೈದ್ಯರು ಮೆಡಿಕೇಡಿನವರನ್ನು ನೋಡುತ್ತಿರಲಿಲ್ಲ. ಉಳಿದ ಒಬ್ಬರು ನೋಡುತ್ತಿದ್ದರು, ಆದರೆ ಬಾಯಿಯ ಶಸ್ತ್ರಕ್ರಿಯೆಗೆ ಮಾತ್ರ. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು ಎಂಬುದನ್ನು ಇಲ್ಲಿ ಮರೆಯಬಾರದು. ಕಂಪೆನಿಗೆ ತಲೆವಾರು ಹಣ ಸಂದಿತ್ತು. ಪಟ್ಟಿಯು ಸರ್ಕಾರಕ್ಕೆ ಒಪ್ಪಿತವಾಗಿತ್ತು. ಮಕ್ಕಳ ದಂತಚಿಕಿತ್ಸೆಯು ಕಾನೂನಿನ ಪ್ರಕಾರ ಅವರ ಹಕ್ಕೇ ಆಗಿತ್ತು. ಮೇರಿಲೆಂಡಿನವರು ಎರಡು ವರ್ಷಗಳಲ್ಲಿ ಏರ್ಪಾಡನ್ನು ಬದಲಾಯಿಸಿದರು: 2009ರ ಜುಲೈಯಲ್ಲಿ ದಂತಚಿಕಿತ್ಸೆಯನ್ನು ಈ ಕಂಪೆನಿಗಳ ಕೈಯಿಂದ ಬಿಡಿಸಿ, ಇಡೀ ಸಂಸ್ಥಾನಕ್ಕೆ ಒಂದೇ ಆಡಳಿತಗಾರನನ್ನು ಇಟ್ಟು, ದಂತವೈದ್ಯರಿಗೆ ಮಾಡಿದ ಕೆಲಸಕ್ಕೆ ಹಣ ಕೊಡುವ ಹಳೆಯ ಕ್ರಮಕ್ಕೇ ಹಿಂದಿರುಗಿದರು, ದರವನ್ನೂ ಏರಿಸಿದರು.

ಇದು ಒಂದು ಕೌಂಟಿಯ, ಒಂದು ಕಂಪೆನಿಯ ಮಾತಾಗಿರಬಹುದೆಂದು ಯಾರಾದರೂ ಹೇಳಬಹುದು. ಕೇಂದ್ರ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲರ ಕಚೇರಿಯು 2014ರಲ್ಲಿ ಹೊರಡಿಸಿದ ವರದಿ ಆ ಸಮಾಧಾನಕ್ಕೆ ಎಡೆಗೊಡುವುದಿಲ್ಲ. ಅವರು ಅನೇಕ ಸಂಸ್ಥಾನಗಳಲ್ಲಿ ಸುಮಾರು 1,800 ವೈದ್ಯರಿಗೆ ಟೆಲಿಫೋನ್ ಮಾಡಿ, ಮೆಡಿಕೇಡಿನ ರೋಗಿಗೆ ಭೇಟಿ ಯಾವಾಗ ಸಿಗುತ್ತದೆಂದು ಕೇಳಿದರು. ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಭೇಟಿಯನ್ನೇ ಕೊಡಲಾರದವರಾಗಿದ್ದರು. ನೂರಕ್ಕೆ 35 ಮಂದಿ ಪಟ್ಟಿಯಲ್ಲಿ ಹೇಳಿದ್ದ ಸ್ಥಳದಲ್ಲಿಯೇ ಇರಲಿಲ್ಲ. ಅನುಮತಿಯ ಮಾತೂ ಹೀಗೆಯೆ. ಅದೇ ಕಚೇರಿಯ 2023ರ ವರದಿಯಂತೆ, 37 ಸಂಸ್ಥಾನಗಳ 115 ಕಂಪೆನಿಗಳು 2019ರಲ್ಲಿ ತಮ್ಮಲ್ಲಿಗೆ ಬಂದ ಮುಂಗಡ ಅನುಮತಿಯ ಕೋರಿಕೆಗಳಲ್ಲಿ ಎಂಟರಲ್ಲೊಂದನ್ನು ತಳ್ಳಿಹಾಕಿದುವು. 12 ಕಂಪೆನಿಗಳು ನಾಲ್ಕರಲ್ಲೊಂದಕ್ಕಿಂತಲೂ ಹೆಚ್ಚನ್ನು. ತಳ್ಳಿಹಾಕಿಸಿಕೊಂಡವರಲ್ಲಿ ಅಪೀಲು ಹೋದವರು ನೂರಕ್ಕೆ 11 ಮಾತ್ರ. ಅಪೀಲಿನ ಹಕ್ಕನ್ನು ಬಳಸಲು ಓದುಬರಹ, ಬಿಡುವು, ಧೈರ್ಯ ಮೂರೂ ಬೇಕು. ಕೂಲಿಯ ದಿನ ತಪ್ಪಿಸಿಕೊಂಡು ಟೆಲಿಫೋನಿನ ಮುಂದೆ ಕುಳಿತುಕೊಳ್ಳುವವಳಿಗೆ ಇವು ಮೂರೂ ಒಟ್ಟಿಗೆ ದೊರೆಯುವುದು ಅಪರೂಪ.

ಇಷ್ಟು ಕಷ್ಟದ ಬದಲಿಗೆ ಹಣವಾದರೂ ಉಳಿಯಿತೆ? ಮಾರ್ಕ್ ಡಗನ್ ಮತ್ತು ತಮಾರಾ ಹೇಫರ್ಡ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದುದರ ಪ್ರಕಾರ, ಸಂಸ್ಥಾನಗಳನ್ನೆಲ್ಲ ಒಟ್ಟಾಗಿ ನೋಡಿದರೆ ನಿರ್ವಹಿತ ಶುಶ್ರೂಷೆಯಿಂದ ಮೆಡಿಕೇಡಿನ ಖರ್ಚು ಇಳಿಯಲಿಲ್ಲ. ಹಿಂದೆ ವೈದ್ಯರಿಗೆ ಧಾರಾಳವಾಗಿ ಕೊಡುತ್ತಿದ್ದ ಸಂಸ್ಥಾನಗಳಲ್ಲಿ ಸ್ವಲ್ಪ ಉಳಿಯಿತು. ಮೊದಲೇ ಬಿಗಿಹಿಡಿದು ಕೊಡುತ್ತಿದ್ದ ಕಡೆ ಕಂಪೆನಿಗಾದರೂ ಉಳಿಸುವುದೇನಿತ್ತು? ಕನೆಕ್ಟಿಕಟ್ ಎಂಬ ಸಣ್ಣ ಸಂಸ್ಥಾನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2012ರ ಜನವರಿಯಲ್ಲಿ ಕಂಪೆನಿಗಳನ್ನೆಲ್ಲ ಬೀಳ್ಕೊಟ್ಟಿತು. ವೈದ್ಯರಿಗೆ ತಾನೇ ಹಣ ಕೊಡುತ್ತದೆ. ರೋಗಿಗಳನ್ನು ವೈದ್ಯರಿಗೆ ಸೇರಿಸುವುದು, ದೀರ್ಘರೋಗಿಗಳನ್ನು ವಿಚಾರಿಸಿಕೊಳ್ಳುವುದು ಮುಂತಾದ ಕೆಲಸಕ್ಕೆ ಮಾತ್ರ ಸಂಬಳದ ಮೇಲೆ ಹೊರಗಿನ ಸಂಸ್ಥೆಯನ್ನಿಟ್ಟುಕೊಂಡಿದೆ. ಚಿಕಿತ್ಸೆ ಕಡಮೆಯಾದರೆ ಆ ಸಂಸ್ಥೆಗೆ ಲಾಭವಿಲ್ಲ. ತಲೆವಾರು ವೆಚ್ಚವು ಇದರಿಂದ ಏರಿಹೋಗಲಿಲ್ಲ. ಇದಕ್ಕೆ ವಿರುದ್ಧವಾಗಿ, ಇಪ್ಪತ್ತು ವರ್ಷಗಳ ಹಿಂದೆ ಕಂಪೆನಿಗಳನ್ನು ಬಿಟ್ಟಿದ್ದ ಒಕ್ಲಹೋಮವು 2024ರ ಏಪ್ರಿಲಿನಲ್ಲಿ ಮತ್ತೆ ಅವುಗಳಲ್ಲಿಗೇ ಹೋಯಿತು. ಆದುದರಿಂದ ಒಂದು ಪದ್ಧತಿ ಗೆದ್ದಿತು, ಇನ್ನೊಂದು ಸೋತಿತು ಎಂದು ಹೇಳುವ ಅವಸರ ನಮಗಿಲ್ಲ. ಹಣವನ್ನು ಹೇಗೆ ಕೊಟ್ಟರೂ, ಟೆಲಿಫೋನಿನ ಆ ತುದಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡುವ ಕೆಲಸವನ್ನು ಸರ್ಕಾರವು ಇನ್ನೊಬ್ಬರಿಗೆ ಒಪ್ಪಿಸಲಾರದು ಎಂದಷ್ಟೇ ಹೇಳಬಲ್ಲೆವು.

ಕೇಂದ್ರ ಸರ್ಕಾರವು 2024ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ಈ ಮಾತಿಗೆ ಕೊನೆಗೂ ಒಂದು ಸ್ಥಾನ ಸಿಕ್ಕಿತು. ಅದರಂತೆ, ಸಾಮಾನ್ಯ ವೈದ್ಯರ ಭೇಟಿ 15 ಕೆಲಸದ ದಿನಗಳೊಳಗೆ, ಮಾನಸಿಕ ಚಿಕಿತ್ಸೆಯ ಭೇಟಿ 10 ದಿನಗಳೊಳಗೆ ದೊರೆಯಬೇಕು. ದೊರೆಯುತ್ತದೆಯೋ ಇಲ್ಲವೋ ಎಂಬುದನ್ನು ಕಂಪೆನಿಯ ಮಾತಿನ ಮೇಲೆ ನಂಬುವಂತಿಲ್ಲ. ಕಂಪೆನಿಗೂ ಸಂಸ್ಥಾನದ ಇಲಾಖೆಗೂ ಸೇರದ ಹೊರಗಿನವರು, ತಾವು ಯಾರೆಂದು ತಿಳಿಸದೆ, ರೋಗಿಗಳಂತೆ ಟೆಲಿಫೋನ್ ಮಾಡಿ ಕೇಳಬೇಕು. ಪಟ್ಟಿಯಲ್ಲಿ ತಪ್ಪು ಕಂಡುಬಂದರೆ ಅದನ್ನು ಮೂರು ಕೆಲಸದ ದಿನಗಳೊಳಗೆ ಸಂಸ್ಥಾನಕ್ಕೆ ತಿಳಿಸಬೇಕು. ಇದನ್ನೆಲ್ಲ ಜಾರಿಗೆ ತರುವುದಕ್ಕೆ ಸಂಸ್ಥಾನಗಳಿಗೆ ಮೂರು ನಾಲ್ಕು ವರ್ಷಗಳ ವಾಯಿದೆ ಕೊಟ್ಟರು. ಮೇರಿಲೆಂಡಿನಲ್ಲಿ ಉಪಸಮಿತಿಯ ಸಿಬ್ಬಂದಿ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದಾಗಿ ನಂಬರುಗಳನ್ನು ತಿರುಗಿಸಿದುದು ಅದಕ್ಕೆ ಹದಿನೇಳು ವರ್ಷಗಳ ಹಿಂದೆ.